ಎರಡು ಮೋಡಗಳ ನಡುವೆ

ಮನೆಯಲ್ಲಿ ಅವಳಿಗೆ ಪುಕ್ಕಿ ಎಂಬ ಹೆಸರು ಯಾರು ಇಟ್ಟರೆಂದು ಈಗ ಯಾರಿಗೂ ನೆನಪಿಲ್ಲ. ಹುಟ್ಟಾ ಪುಕ್ಕಲಿ, ಅದಕ್ಕೇ ಪುಕ್ಕಿ. ಲಿಫ್ಟ್ ಎಂದರೆ ಹೆದರುತ್ತಿದ್ದಳು, ಬಲೂನು ಕಂಡರೆ ಎಲ್ಲಿ ಒಡೆಯುತ್ತದೋ ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಹಲ್ಲಿನ ಡಾಕ್ಟರ ಹತ್ತಿರ ಹೋಗುವ ದಿನ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಆಗೆಲ್ಲ ಅವಳ ಕಾಲು ಹಿಡಿದು ಹೊರಗೆ ಎಳೆಯುತ್ತಿದ್ದವಳು ಅಕ್ಕ. ಅಕ್ಕನಿಗೆ ಭಯ ಎಂಬ ಅಂಗವೇ ಇರಲಿಲ್ಲ. ದೊಡ್ಡವಳಾದ ಮೇಲೆ ಅವಳು ವಿಮಾನ ಹಾರಿಸುವುದನ್ನು ಕಲಿತಳು. ಪುಕ್ಕಿ ಮೋಡಗಳ ಬಗ್ಗೆ ಓದಿದಳು. "ಒಬ್ಬಳು ಮೇಲೆ ಹೋಗ್ತಾಳೆ, ಇನ್ನೊಬ್ಬಳು ಕೆಳಗೆ ಕೂತು ಮೇಲೆ ನೋಡ್ತಾಳೆ. ನನ್ನ ಕತ್ತು ನೋಯೋದು ತಪ್ಪಲ್ಲ" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಇಬ್ಬರೂ ಒಂದೇ ಕಡೆ ಕೆಲಸಕ್ಕೆ ಸೇರಿದ್ದು ಯೋಗಾಯೋಗ. ಸಮುದ್ರದ ದಂಡೆಯಲ್ಲಿ, ಎರಡು ಗುಡ್ಡಸಾಲುಗಳ ನಡುವೆ ಸಿಕ್ಕಿಕೊಂಡಂತಿದ್ದ ಸಣ್ಣ ವಿಮಾನ ನಿಲ್ದಾಣ ಅದು. ಟವರಿನ ಕೆಳಗಿನ ಎರಡು ಕೋಣೆಗಳು ಹವಾಮಾನ ಸಂಶೋಧನೆಯವರದು. ಒಂದರಲ್ಲಿ ಕಂಪ್ಯೂಟರುಗಳು, ಹಳೆಯ ಸೋಫಾ, ಸದಾ ಸೋರುವ ನಲ್ಲಿ. ಇನ್ನೊಂದು ಮೀಟರಣ್ಣನ ಸಾಮ್ರಾಜ್ಯ. ಉಪಕರಣಗಳನ್ನು ಒರೆಸಿ, ತಿರುಗಿಸಿ, ಬೈದು ಸರಿಮಾಡುವ ಆ ಮನುಷ್ಯನಿಗೆ ನಿವೃತ್ತಿ ಹತ್ತಿರವಾಗಿತ್ತು. ಬಾಯಿಗೆ ಮಾತ್ರ ನಿವೃತ್ತಿಯ ಸೂಚನೆಯೇ ಇರಲಿಲ್ಲ. ಪುಕ್ಕಿಯನ್ನು ಮೇಡಮ್ಮ ಎನ್ನುತ್ತಿದ್ದ, ಅಕ್ಕನನ್ನು ಕ್ಯಾಪ್ಟನಮ್ಮ ಎನ್ನುತ್ತಿದ್ದ. ವಿಮಾನ ಏರಿದರೆ ಹಿಂದಿನ ಸೀಟಿನಲ್ಲಿ ಕೂತು ಇಳಿಯುವ ತನಕ ಮಾತಾಡುತ್ತಿದ್ದ.

ವರ್ಷದ ಅರ್ಧಭಾಗ ಆ ಕರಾವಳಿಯ ಮೇಲೆ ಚಾಪೆಯಂತೆ ಹಾಸಿಕೊಂಡಿರುವ ತಗ್ಗಿನ ಮೋಡ ಪುಕ್ಕಿಯ ವಿಷಯ. ಅದು ಗುಡುಗುವ ಮೋಡವಲ್ಲ, ಹೆಸರಿಗೆ ನಾಲ್ಕು ಹನಿ ಉದುರಿಸಿದರೆ ಹೆಚ್ಚು. ಅದರ ಬದುಕೆಲ್ಲ ನೆತ್ತಿಯ ಮೇಲೆ ನಡೆಯುತ್ತದೆ. ಮೋಡದ ನೆತ್ತಿ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣವಾಗಿ ಆಕಾಶಕ್ಕೆ ಬಿಡುತ್ತಲೇ ಇರುತ್ತದೆ. ಹಾಗೆ ತಣ್ಣಗಾದ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ಒದ್ದೆ ಗಾಳಿ ಮೇಲೇರುತ್ತದೆ. ಹೀಗೆ ಮಗುಚಿ ಮಗುಚಿ ಮೋಡ ತನಗೆ ಬೇಕಾದ ನೀರನ್ನು ಸಮುದ್ರದಿಂದ ತಾನೇ ಎಳೆದುಕೊಳ್ಳುತ್ತದೆ. ಹಗಲು ಸೂರ್ಯ ಅದನ್ನು ಕಾಯಿಸಿ ಸೊರಗಿಸುತ್ತಾನೆ. ಸೂರ್ಯ ಇಳಿದನೆಂದರೆ ಮೋಡ ಮತ್ತೆ ಮೈದುಂಬಿಕೊಳ್ಳುತ್ತದೆ.

ಇದರ ಮೇಲೆ, ಬಹಳ ಎತ್ತರದಲ್ಲಿ, ಇನ್ನೊಂದು ಮೋಡದ ಪರದೆ ಬಂದು ಕವಿದರೆ ಏನಾಗುತ್ತದೆ? ಪುಕ್ಕಿ ಮೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಅದೇ. ಮೇಲಿನ ಪರದೆ ಕಂಬಳಿ ಹೊದಿಸಿದ ಹಾಗೆ. ಕೆಳಗಿನ ಮೋಡದ ಶಾಖ ಸಲೀಸಾಗಿ ಆಚೆ ಹೋಗುವುದಿಲ್ಲ, ನೆತ್ತಿ ತಣ್ಣಗಾಗುವುದಿಲ್ಲ, ಮಗುಚುವುದು ನಿಧಾನವಾಗುತ್ತದೆ, ನೀರಿನ ದಾರಿ ಕಟ್ಟಾಗುತ್ತದೆ. ಆ ಲೆಕ್ಕದಲ್ಲಿ ಕೆಳಗಿನ ಮೋಡ ಹಸಿದು ಹಸಿದು ಹರಿದುಹೋಗಬೇಕು. ಆದರೆ ಅದೇ ಪರದೆ ಸೂರ್ಯನಿಗೂ ಅಡ್ಡ ಬರುತ್ತದಲ್ಲ? ಸೂರ್ಯ ಕಾಯಿಸದಿದ್ದರೆ ಮೋಡ ಉಳಿದುಕೊಳ್ಳಲೂಬಹುದು. ಎರಡರಲ್ಲಿ ಯಾವುದು ಗೆಲ್ಲುತ್ತದೆ? ಕಂಪ್ಯೂಟರಿನಲ್ಲಿ ನೂರಾರು ಸಲ ನಡೆಸಿ ನೋಡಿದ್ದಳು. ಮಧ್ಯಾಹ್ನ ಕಳೆದ ಮೇಲೆ ಕಂಬಳಿಯೇ ಗೆಲ್ಲುತ್ತಿತ್ತು. ಆಕಾಶದಲ್ಲಿ ಮಾತ್ರ ಒಂದು ಸಲವೂ ನೋಡಿರಲಿಲ್ಲ.

ಆ ದಿನ ಅಂಥ ಪರದೆಯೊಂದು ಉತ್ತರದ ಕಡೆಯಿಂದ ಸರಿದು ಬರುತ್ತಿತ್ತು. ಅದಕ್ಕೇ ವಿಮಾನ ಕಳಿಸಿದ್ದು. ಊಟ ಮುಗಿಸಿ, ಪುಕ್ಕಿಯ ಡಬ್ಬಿಯಲ್ಲಿ ಉಳಿದಿದ್ದನ್ನೂ ಖಾಲಿ ಮಾಡಿ, ಅಕ್ಕ ಎದ್ದು ಹೊರಟಳು. ಶಾಖ ಅಳೆಯುವ ಮೀಟರು ಹೊತ್ತುಕೊಂಡು ಮೀಟರಣ್ಣನೂ ಹಿಂದಿನ ಸೀಟು ಹತ್ತಿದ. ತಗ್ಗಿನ ಮೋಡವನ್ನು ಸೀಳಿಕೊಂಡು ವಿಮಾನ ಮೇಲೆ ಹೋಯಿತು. ಸ್ವಲ್ಪ ಹೊತ್ತು ಸದ್ದು ಕೇಳಿಸಿ ಆಮೇಲೆ ಅದೂ ನಿಂತಿತು.

ರೇಡಿಯೋದಲ್ಲಿ ಅಕ್ಕನ ದನಿ ಬಂದಾಗ ಪುಕ್ಕಿ ಟವರಿನ ಮೇಲೆಯೇ ಇದ್ದಳು. ಅಲ್ಲಿನ ಹಿರಿಯ ಅಧಿಕಾರಿಗೆ ಎಲ್ಲರೂ ಸಾವಧಾನ ಎಂದೇ ಹೆಸರಿಟ್ಟಿದ್ದರು. ಚಹಾ ಕಪ್ಪು ಕೊಟ್ಟರೂ ಸಾವಧಾನ ಎನ್ನುವ ಮನುಷ್ಯ. ಅವರು ಅಕ್ಕನ ಮಾತು ಕೇಳುತ್ತ ಕೇಳುತ್ತ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

"ಪ್ಯಾನೆಲ್ಲಿಂದ ಹೊಗೆ ಬರ್ತಿದೆ. ವೈರ್ ಸುಟ್ಟ ವಾಸನೆ. ಮೇನ್ ಆಫ್ ಮಾಡ್ತಿದೀನಿ" ಎಂದಳು ಅಕ್ಕ. ಅಷ್ಟೇ. ಆಮೇಲೆ ಬರೀ ಗರಗರ.

ಸಾವಧಾನ ಎರಡು ಸಲ ಕರೆದರು, ಉತ್ತರವಿಲ್ಲ. ಮೂರನೆಯ ಸಲ ಕರೆಯುವಷ್ಟರಲ್ಲಿ ಬಾವಿಯ ತಳದಿಂದ ಬಂದಂತೆ ಒಂದು ಸಣ್ಣ ದನಿ ಕೇಳಿಸಿತು. ಕೈಯಲ್ಲಿ ಹಿಡಿಯುವ ರೇಡಿಯೋ ಅದು, ಆಪತ್ಕಾಲಕ್ಕೆಂದು ಸೀಟಿನ ಕೆಳಗೆ ಇಟ್ಟಿರುವಂಥದ್ದು.

"ಹೊಗೆ ನಿಂತಿದೆ. ಇಬ್ಬರೂ ಚೆನ್ನಾಗಿದೀವಿ. ಎಂಜಿನ್ ಓಡ್ತಿದೆ. ಆದ್ರೆ ಉಳಿದಿದ್ದೆಲ್ಲಾ ಸತ್ತುಹೋಗಿದೆ. ದಿಕ್ಸೂಚಿ ಒಂದು ಬಿಟ್ರೆ ಏನೂ ಇಲ್ಲ ನನ್ನ ಹತ್ರ."

ಸಾವಧಾನರ ಮುಖ ನೋಡಿಯೇ ಪುಕ್ಕಿಗೆ ಅರ್ಥವಾಯಿತು. ಮೋಡದೊಳಗೆ ಹೊಕ್ಕ ಮೇಲೆ ಕಣ್ಣಿಗೆ ನೆಲವಿಲ್ಲ, ಆಕಾಶವಿಲ್ಲ. ವಿಮಾನ ನೆಟ್ಟಗಿದೆಯೋ ವಾಲಿದೆಯೋ ಎಂದು ಉಪಕರಣವೇ ಹೇಳಬೇಕು. ಅದಿಲ್ಲದೆ ಹೊಕ್ಕವರ ಕಿವಿ, ಹೊಟ್ಟೆ, ಮಿದುಳು ಎಲ್ಲ ಸೇರಿ ಸುಳ್ಳು ಹೇಳುತ್ತವೆ. ನೆಟ್ಟಗೆ ಹೋಗುತ್ತಿದ್ದೇವೆ ಎಂದುಕೊಂಡೇ ಸುತ್ತಿ ಸುತ್ತಿ ಕೆಳಗೆ ಬೀಳುತ್ತಾರೆ. ಅಕ್ಕನಂಥ ಅಕ್ಕನಿಗೂ ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಕೆಳಗೆ ನಿಲ್ದಾಣದ ಎರಡೂ ಕಡೆ ಗುಡ್ಡಗಳು ಮೋಡದಲ್ಲಿ ತಲೆ ಮರೆಸಿಕೊಂಡು ನಿಂತಿವೆ. ಅವಳಿಗೆ ಬೇಕಾದದ್ದು ಒಂದು ತೂತು. ನೆಲ ಕಾಣುವ ಒಂದು ಹರಕು.

"ಪೂರ್ವಕ್ಕೆ ಹೋಗ್ಲಿ" ಎಂದರು ಸಾವಧಾನ. ಗುಡ್ಡಗಳ ಆಚೆ, ಒಳನಾಡಿನಲ್ಲಿ ದೊಡ್ಡ ವಿಮಾನ ನಿಲ್ದಾಣವಿತ್ತು. ಅವರು ಆಗಲೇ ಫೋನು ಕೈಗೆತ್ತಿಕೊಂಡು ಅಲ್ಲಿಯವರ ಜೊತೆ ಮಾತಾಡಿದ್ದರು. "ಅಲ್ಲಿ ಮೋಡ ಅಲ್ಲಲ್ಲಿ ಒಡೆದಿದೆಯಂತೆ. ಮೇಲೆ ನೀಲಿ ಆಕಾಶ. ಉದ್ದದ ರನ್‌ವೇ, ಬೆಂಕಿ ಆರಿಸೋರು, ಆಂಬುಲೆನ್ಸು, ಎಲ್ಲಾ ಇದೆ. ಬೇರೆ ಯೋಚನೆಯೇ ಬೇಡ."

ಪುಕ್ಕಿ ತೆರೆಯ ಮೇಲಿನ ಉಪಗ್ರಹ ಚಿತ್ರ ನೋಡಿದಳು. ಪೂರ್ವದ ಮೋಡದಲ್ಲಿ ನಿಜವಾಗಿಯೂ ಸೀಳುಗಳಿದ್ದವು, ಇಲಿ ಕಡಿದ ಬಟ್ಟೆಯ ಹಾಗೆ. ಮಧ್ಯಾಹ್ನದ ಬಿಸಿಲು ಮಾಡಿದ ಕೆಲಸ. ಆದರೆ ಬಿಸಿಲು ಆಗಲೇ ಓರೆಯಾಗಿತ್ತು. ಅಲ್ಲಿ ಮೇಲೆ ಏನೂ ಇಲ್ಲ, ಬೋಳು ಆಕಾಶ. ಸೂರ್ಯನ ಕಾವು ಇಳಿದಂತೆ ಮೋಡದ ನೆತ್ತಿ ಶಾಖ ಬಿಡತೊಡಗುತ್ತದೆ, ಮಗುಚುವುದು ಜೋರಾಗುತ್ತದೆ. ಅಕ್ಕ ಅಲ್ಲಿಗೆ ತಲುಪುವ ಹೊತ್ತಿಗೆ ಆ ಸೀಳುಗಳು ಹೊಲಿದುಕೊಂಡು ಬಿಟ್ಟರೆ?

ಉತ್ತರಕ್ಕೆ ನೋಡಿದಳು. ಅಲ್ಲಿ ಚಿತ್ರದಲ್ಲಿ ಒಂದೇ ಬಿಳಿ. ಎತ್ತರದ ಪರದೆ ಎಲ್ಲವನ್ನೂ ಮುಚ್ಚಿತ್ತು. ಅದರ ಕೆಳಗೆ ತಗ್ಗಿನ ಮೋಡ ಹರಿದಿದೆಯೋ ಹಾಗೇ ಇದೆಯೋ ಯಾವ ಉಪಗ್ರಹಕ್ಕೂ ಕಾಣುವಂತಿರಲಿಲ್ಲ. ಪರದೆ ಅಲ್ಲಿಗೆ ಬಂದು ಗಂಟೆಗಳೇ ಆಗಿದ್ದವು. ಲೆಕ್ಕದ ಪ್ರಕಾರ ಹರಿದಿರಬೇಕು. ಲೆಕ್ಕದ ಪ್ರಕಾರ.

"ಉತ್ತರಕ್ಕೆ" ಎಂದಳು. ಕೆಮ್ಮಿ ಮತ್ತೊಮ್ಮೆ ಹೇಳಿದಳು. "ಉತ್ತರಕ್ಕೆ ಹೋಗ್ಬೇಕು. ಆ ಮೇಲಿನ ಮೋಡದ ಅಡಿಗೆ."

ಸಾವಧಾನ ಅವಳನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ನೋಡಮ್ಮ, ಅಲ್ಲಿ ಏನಿದೆ? ಉಪ್ಪಿನ ಬಯಲು ಬಿಟ್ರೆ ಏನಿಲ್ಲ. ಎರಡು ಮೋಡದ ಮಧ್ಯೆ ಸಿಕ್ಕಿಹಾಕಿಕೊಳ್ಳೋಕೆ ಯಾರಾದ್ರೂ ಕಳಿಸ್ತಾರಾ? ಕಣ್ಣಿಗೆ ಕಾಣ್ತಿರೋ ತೂತು ಬಿಟ್ಟು, ಕಾಣದೇ ಇರೋ ತೂತು ಹುಡುಕ್ತೀಯಾ?"

"ಕಾಣ್ತಿರೋ ತೂತು ಮುಚ್ಚಿಹೋಗುತ್ತೆ ಸರ್."

"ಮುಚ್ಚೇ ಮುಚ್ಚುತ್ತಾ? ಖಾತ್ರಿ ಇದೆಯಾ?"

ಪುಕ್ಕಿಗೆ ಖಾತ್ರಿ ಇರಲಿಲ್ಲ. ಖಾತ್ರಿಯಿದೆ ಎಂದು ಸುಳ್ಳು ಹೇಳಬಹುದಿತ್ತು. ಆಮೇಲೆ ಅಕ್ಕ ಸತ್ತರೆ ಆ ಸುಳ್ಳನ್ನು ಎಲ್ಲಿಟ್ಟುಕೊಳ್ಳುವುದು? ಖಾತ್ರಿಯಿಲ್ಲ ಎಂದು ಸುಮ್ಮನಿದ್ದು, ಅಕ್ಕ ಪೂರ್ವಕ್ಕೆ ಹೋಗಿ ಸತ್ತರೆ?

ಇಂಧನ ಎರಡರಲ್ಲಿ ಒಂದು ಕಡೆಗೆ ಮಾತ್ರ ಸಾಕಾಗುತ್ತಿತ್ತು. ಒಂದು ಕಡೆ ಹೋಗಿ ನೋಡಿ, ಇಲ್ಲವೆಂದು ಇನ್ನೊಂದು ಕಡೆ ಬರುವ ಹಾಗಿರಲಿಲ್ಲ.

ಸಾವಧಾನ ದೊಡ್ಡ ಮನುಷ್ಯ. ಎರಡೂ ಮಾತನ್ನು ಇದ್ದದ್ದು ಇದ್ದ ಹಾಗೆ ಅಕ್ಕನಿಗೆ ಹೇಳಿದರು. ಪೂರ್ವಕ್ಕೆ ಹೋಗೆಂದು ತಮ್ಮ ಸಲಹೆ, ಉತ್ತರಕ್ಕೆ ಎಂದು ತಂಗಿಯ ಸಲಹೆ. ಹೇಳಿ ಮುಗಿಸಿ ಮೈಕನ್ನು ಪುಕ್ಕಿಯ ಕಡೆ ಸರಿಸಿದರು.

"ಏನೇ ಇದು ನಿಂದು?" ಎಂದಳು ಅಕ್ಕ.

"ಅಕ್ಕಾ, ಮೀಟರಣ್ಣನ ಮೀಟರು ಓಡ್ತಿದೆಯಾ? ಅದಕ್ಕೆ ಬೇರೆ ಬ್ಯಾಟರಿ ಅಲ್ವಾ?"

ಸ್ವಲ್ಪ ಗುಸುಗುಸು. ಮೀಟರಣ್ಣನ ದನಿ ಬಂತು. "ಓಡ್ತಿದೆ ಮೇಡಮ್ಮ. ಈ ವಿಮಾನದಲ್ಲಿ ನಿಯತ್ತಾಗಿ ಕೆಲಸ ಮಾಡ್ತಿರೋದು ಅದೊಂದೇ."

"ಮೋಡದಿಂದ ಮೇಲಕ್ಕೆ ಹೋಗೋ ಶಾಖಕ್ಕೂ ಆಕಾಶದಿಂದ ಕೆಳಕ್ಕೆ ಬರೋದಕ್ಕೂ ಎಷ್ಟು ವ್ಯತ್ಯಾಸ ಇದೆ ಈಗ?"

"ಬೇಜಾನ್ ಇದೆ. ಮೋಡ ಕೈ ಬಿಚ್ಚಿ ಖರ್ಚು ಮಾಡ್ತಿದೆ. ಆದ್ರೆ ಆಗ್ಲೇ ಉತ್ತರದ ಅಂಚಿಗೆ ಹೋಗಿದ್ವಲ್ಲ, ಅಲ್ಲಿ ಇದರ ಅರ್ಧಕ್ಕಿಂತ ಕಮ್ಮಿ ಆಗಿತ್ತು. ಜಿಪುಣರ ಮನೆ ಥರ."

ಪುಕ್ಕಿ ಕಣ್ಣು ಮುಚ್ಚಿಕೊಂಡಳು. ಅಂಚಿನಲ್ಲೇ ಅರ್ಧಕ್ಕಿಂತ ಕಡಿಮೆ ಎಂದರೆ ಒಳಗೆ ಇನ್ನೂ ಕಡಿಮೆ. ಕಂಬಳಿ ಕೆಲಸ ಮಾಡುತ್ತಿದೆ. ಆದರೆ ಕೆಳಮೋಡ ಹರಿದಿದೆಯೇ? ಶಾಖದ ಲೆಕ್ಕ ಒಂದು, ತೂತು ಇನ್ನೊಂದು.

"ಬ್ಯಾಟರಿ ಉಳಿಸ್ಬೇಕು" ಎಂದಳು ಅಕ್ಕ. "ಬೇಗ ಹೇಳು. ನೀನಾಗಿದ್ರೆ ಎಲ್ಲಿಗೆ ಹೋಗ್ತಿದ್ದೆ?"

"ನಾನಾಗಿದ್ರೆ ವಿಮಾನಾನೇ ಹತ್ತುತ್ತಿರಲಿಲ್ಲ."

ಅಕ್ಕ ನಕ್ಕ ಹಾಗೆ ಕೇಳಿಸಿತು. ಪುಕ್ಕಿಗೆ ಅಳು ಒತ್ತರಿಸಿ ಬಂತು. ಅಳುವುದಕ್ಕೂ ಬ್ಯಾಟರಿ ಖರ್ಚಾಗುತ್ತದೆ ಎಂದು ತಡೆದುಕೊಂಡಳು. "ಉತ್ತರಕ್ಕೆ ಹೋಗು ಅಕ್ಕಾ" ಎಂದಳು. "ನನಗೆ ತುಂಬಾ ಭಯ ಆಗ್ತಿದೆ. ಆದ್ರೂ ಉತ್ತರಕ್ಕೆ ಹೋಗು."

"ಸರಿ. ಉತ್ತರ" ಎಂದು ಅಕ್ಕ ರೇಡಿಯೋ ಆರಿಸಿದಳು.

ಮಾಡುವುದಕ್ಕೆ ಏನೂ ಇಲ್ಲದಿದ್ದಾಗ ಭಯ ಮನುಷ್ಯನನ್ನು ತಿನ್ನುತ್ತದೆ. ಪುಕ್ಕಿ ಟೆಲಿಫೋನಿಗೆ ಕೈ ಹಾಕಿದಳು. ಉಪ್ಪಿನ ಬಯಲಿನಲ್ಲಿ ಯಾರಾದರೂ ಇರಬೇಕಲ್ಲ. ಅವರಿವರನ್ನು ಕೇಳಿ, ಕೊನೆಗೆ ಉಪ್ಪಿನ ಕಾರ್ಖಾನೆಯ ಮೇಸ್ತ್ರಿಯ ನಂಬರು ಸಿಕ್ಕಿತು. ಗಂಟಲು ಕಟ್ಟಿದ ದನಿ.

"ಲೋಡು ನಾಳೆನೇ ಹೋಗೋದು. ಇವತ್ತು ಲಾರಿ ಬಿಡಲ್ಲ" ಎಂದ ಫೋನು ಎತ್ತಿದವನೇ.

"ಉಪ್ಪಿಗಲ್ಲ ಅಣ್ಣಾ ಫೋನ್ ಮಾಡಿದ್ದು. ನೀವು ಹೊರಗೆ ಬಂದು ಒಂದು ಸಲ ಮೇಲೆ ನೋಡ್ತೀರಾ?"

ಮೇಸ್ತ್ರಿ ಯಾರೋ ತಲೆಕೆಟ್ಟವಳು ಎಂದುಕೊಂಡನೇನೋ. ಪುಕ್ಕಿ ತಡವರಿಸುತ್ತ ವಿಷಯ ಹೇಳಿದಳು. ಮೇಲೆ ವಿಮಾನವಿದೆ, ಅದರಲ್ಲಿ ನಮ್ಮಕ್ಕ ಇದ್ದಾಳೆ. ಅಷ್ಟು ಕೇಳಿದ್ದೇ ಆತ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದ ಸದ್ದು ಫೋನಿನಲ್ಲೇ ಕೇಳಿಸಿತು.

"ಮೋಡಾನೇ ಇದೆಯಮ್ಮ. ಬೂದಿ ಬಣ್ಣ. ಕತ್ತಲೆ ಕತ್ತಲೆ ಆಗಿದೆ ಇವತ್ತು."

"ಬೆಳಗ್ಗೆಗೂ ಈಗಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ? ನೆನಪು ಮಾಡ್ಕೊಂಡು ಹೇಳಿ."

"ವ್ಯತ್ಯಾಸ..." ಆತ ಉಸಿರು ಬಿಡುತ್ತ ಯೋಚಿಸಿದ. "ನಮ್ಮ ಬಾಯ್ಲರಿನ ಚಿಮಣಿ ಬೆಳಗ್ಗೆ ಅರ್ಧ ಮೋಡದೊಳಗಿತ್ತು. ಈಗ ತುದಿ ತನಕ ಕಾಣ್ತಿದೆ. ಮೋಡ ಮೇಲೆ ಹೋಗಿದೆ. ಮತ್ತೆ, ಎಲ್ಲಾ ಒಂದೇ ಸಮ ಇಲ್ಲ. ಹಳೇ ಗೋಣಿಚೀಲ ಬೆಳಕಿಗೆ ಹಿಡಿದ ಹಾಗೆ, ಕೆಲವು ಕಡೆ ದಪ್ಪ, ಕೆಲವು ಕಡೆ ಸವೆದಿದೆ."

"ಸವೆದಿರೋ ಕಡೆ ಆಚೆಗೆ ಏನು ಕಾಣುತ್ತೆ?"

"ಇನ್ನೊಂದು ಮೋಡ. ಬಿಳೀದು. ತುಂಬಾ ಮೇಲೆ."

ಪುಕ್ಕಿ ಕುರ್ಚಿಯ ಕೈ ಹಿಡಿದುಕೊಂಡಳು. ಕೆಳಗಿನಿಂದ ಮೇಲಿನ ಮೋಡ ಕಾಣುತ್ತದೆಂದರೆ ಮೇಲಿನಿಂದ ಕೆಳಗಿನ ನೆಲವೂ ಕಾಣಬೇಕು. ಎಷ್ಟು ಅಗಲ, ಎಷ್ಟು ಹೊತ್ತು, ಅದು ಬೇರೆ ಮಾತು. ಮೇಸ್ತ್ರಿಗೆ ಫೋನು ಇಡಬೇಡಿ ಎಂದಳು. ಆತ ಯಾರಿಗೋ ಕೂಗಿ ಹೇಳುತ್ತಿದ್ದ, ದಂಡೆಯ ಮೇಲಿರುವ ಟ್ರಾಕ್ಟರು ಲಾರಿ ಎಲ್ಲದರ ದೀಪ ಹಾಕಿ ಸಾಲಾಗಿ ನಿಲ್ಲಿಸಿ ಎಂದು. ಹಾಗೆ ಮಾಡಿ ಎಂದು ಅವಳು ಕೇಳಿರಲೇ ಇಲ್ಲ.

ಅಕ್ಕ ಒಂದು ಸಲ ರೇಡಿಯೋ ಹಾಕಿದಳು. "ಪರದೆ ಅಡಿಗೆ ಬಂದಿದೀವಿ" ಎಂದಳು. ಪುಕ್ಕಿ ಹುಟ್ಟಿದಾರಭ್ಯ ಕೇಳದ ಒಂದು ಎಳೆ ಆ ದನಿಯಲ್ಲಿತ್ತು. "ಇಲ್ಲಿ ಚೆನ್ನಾಗಿಲ್ಲ ಕಣೇ. ಮೇಲೂ ಬೂದಿ, ಕೆಳಗೂ ಬೂದಿ. ನಡುವೆ ಗೆರೆಯೇ ಇಲ್ಲ. ನೆಟ್ಟಗೆ ಹೋಗ್ತಿದೀನೋ ಇಲ್ವೋ ಅನುಮಾನ ಬರ್ತಿದೆ."

ಅಕ್ಕನಿಗೆ ಹೆದರಿಕೆಯಾಗಿತ್ತು. ಅದು ತಿಳಿದ ಕೂಡಲೇ ಪುಕ್ಕಿಗೆ ಕಾಲಡಿಯ ನೆಲ ಒಂದು ಗೇಣು ಕೆಳಗಿಳಿದಂತಾಯಿತು. ಇಷ್ಟು ವರ್ಷ ಇಬ್ಬರ ಪಾಲಿನ ಧೈರ್ಯವನ್ನೂ ಅಕ್ಕನೇ ಇಟ್ಟುಕೊಂಡಿದ್ದಳು. ಈಗ ಅದೂ ಖಾಲಿಯಾದರೆ ಯಾರ ಹತ್ತಿರ ಕೇಳುವುದು?

"ಅಕ್ಕಾ, ಉಪ್ಪಿನ ಕಾರ್ಖಾನೆ ಚಿಮಣಿ ಹುಡುಕು" ಎಂದಳು. "ಸಮುದ್ರದ ಕಡೆಯಿಂದ ಬಾ. ಅಲ್ಲಿ ಗುಡ್ಡ ಇಲ್ಲ. ಮೋಡ ಸವೆದಿದೆಯಂತೆ, ಕೆಳಗೆ ದೀಪ ಹಾಕಿದ್ದಾರೆ. ಮೀಟರಣ್ಣ, ಮೀಟರು ಏನು ಹೇಳ್ತಿದೆ?"

"ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು ಮೇಡಮ್ಮ. ಮೋಡ ಒಂದು..." ಮಾತು ಅಲ್ಲಿಗೇ ತುಂಡಾಯಿತು. ಸಾವಧಾನ ಕರೆದರು, ಕರೆದರು, ಕರೆದರು. ಬ್ಯಾಟರಿ ಮುಗಿದಿತ್ತು.

ಆಗಲೇ ಪೂರ್ವದ ನಿಲ್ದಾಣದಿಂದ ಫೋನು ಬಂತು. ಸಾವಧಾನ ಕೇಳಿಸಿಕೊಂಡು, ಹೂಂ ಹೂಂ ಎಂದು, ಫೋನು ಇಟ್ಟು ಪುಕ್ಕಿಯ ಕಡೆ ತಿರುಗಿದರು. "ಅಲ್ಲಿ ಮುಚ್ಚಿಕೊಳ್ತಿದೆಯಂತೆ. ಸೀಳುಗಳೆಲ್ಲ ಕೂಡಿಕೊಂಡವಂತೆ" ಎಂದರು. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ತನ್ನ ಲೆಕ್ಕ ಸರಿಯಾಯಿತೆಂದು ಪುಕ್ಕಿಗೆ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಇಷ್ಟು ಹೊತ್ತು ಮನಸ್ಸಿನ ಮೂಲೆಯಲ್ಲಿ ಪೂರ್ವ ಎಂಬುದೊಂದು ಬಾಗಿಲಿತ್ತು. ಈಗ ಅದೂ ಇಲ್ಲ. ಉಳಿದದ್ದು ಒಂದು ಸವೆದ ಗೋಣಿಚೀಲ.

ಅವಳ ಮೊಬೈಲು ಗುಂಯ್‌ಗುಟ್ಟಿತು. ಅಮ್ಮ. ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ. ಎತ್ತಿದಳು.

"ನಿಮ್ಮಕ್ಕನ ಫೋನು ಹೋಗ್ತಾನೇ ಇಲ್ಲ. ಮಗೂಗೆ ನಾಳೆ ಸ್ಕೂಲಿಗೆ ಚಾರ್ಟು ಬೇಕಂತೆ, ಬರ್ತಾ ತರೋಕೆ ಹೇಳು" ಎಂದರು ಅಮ್ಮ. ಹಿಂದೆ ಅಕ್ಕನ ಮಗಳು ಬಣ್ಣದ ಚಾರ್ಟು, ಬಣ್ಣದ್ದು ಎಂದು ಕೂಗುತ್ತಿದ್ದಳು.

"ಅವಳಿನ್ನೂ ಮೇಲಿದ್ದಾಳೆ ಅಮ್ಮ."

"ಇಷ್ಟು ಹೊತ್ತಾ? ನಿನ್ನ ದನಿ ಯಾಕೆ ಹಾಗಿದೆ?"

"ಶೀತ."

"ಆ ಏಸಿ ಕೆಳಗೆ ಕೂತ್ಕೋಬೇಡ ಅಂತ ಎಷ್ಟು ಸಲ ಹೇಳಿದೀನಿ. ಸರಿ, ಚಾರ್ಟು ಮರೀಬೇಡಿ."

ಮೊಬೈಲು ಕೆಳಗಿಟ್ಟು ಮತ್ತೆ ಟೆಲಿಫೋನಿಗೆ ಕಿವಿಗೊಟ್ಟಾಗ ಮೇಸ್ತ್ರಿ ಏದುಸಿರು ಬಿಡುತ್ತಿದ್ದ. "ಅಮ್ಮಾ, ಸದ್ದು ಕೇಳ್ತಿದೆ. ಸಮುದ್ರದ ಕಡೆಯಿಂದ. ಕಾಣ್ತಿಲ್ಲ."

ಪುಕ್ಕಿಗೂ ಕೇಳಿಸಿತು. ಗಾಳಿಯ ಗದ್ದಲದ ನಡುವೆ ದೂರದ ಗುಂಯ್ ಎಂಬ ಸದ್ದು. ಅದು ಹತ್ತಿರ ಬಂತು, ದೂರ ಹೋಯಿತು, ಮತ್ತೆ ಹತ್ತಿರ ಬಂತು. ಅಕ್ಕ ಸುತ್ತುತ್ತಿದ್ದಳು, ಹುಡುಕುತ್ತಿದ್ದಳು. ಹುಡುಕುವ ಪ್ರತಿ ಸುತ್ತಿಗೂ ಇಂಧನ ಮುಗಿಯುತ್ತಿತ್ತು. ಸಾವಧಾನ ಬಂದು ಅವಳ ಪಕ್ಕದಲ್ಲಿ ನಿಂತರು. ಅವರೂ ಬಗ್ಗಿ ಅದೇ ಟೆಲಿಫೋನಿಗೆ ಕಿವಿ ಹಚ್ಚಿದರು.

ಸದ್ದು ಒಮ್ಮೆ ಬಿಕ್ಕಳಿಸಿತು. ಮತ್ತೊಮ್ಮೆ ಬಿಕ್ಕಳಿಸಿತು. ನಿಂತಿತು.

"ನಿಂತುಹೋಯ್ತಮ್ಮ" ಎಂದ ಮೇಸ್ತ್ರಿ, ಬಹಳ ಮೆಲ್ಲಗೆ.

ಪುಕ್ಕಿಗೆ ಆಮೇಲಿನದು ಸರಿಯಾಗಿ ನೆನಪಿಲ್ಲ. ಗಾಳಿ ಮಾತ್ರ ಕೇಳಿಸುತ್ತಿತ್ತು. ಯಾರೋ ಕೂಗಿದರು. ಯಾರೋ ಅಲ್ಲಿ ಅಲ್ಲಿ ಎಂದರು. ಮೇಸ್ತ್ರಿ ಏನೋ ಹೇಳುತ್ತ ಓಡಿದ, ಫೋನು ಎಲ್ಲೋ ಬಿತ್ತು. ದೊಡ್ಡ ತಗಡನ್ನು ನೆಲದ ಮೇಲೆ ಎಳೆದಂಥ ಸದ್ದು, ನೀರು ಸಿಡಿದ ಸದ್ದು. ಆಮೇಲೆ ಏನೂ ಇಲ್ಲ. ಪಕ್ಕದಲ್ಲಿ ಸಾವಧಾನ ತಮಗೇ ತಾವು ಸಾವಧಾನ, ಸಾವಧಾನ ಎಂದು ಪಿಸುಗುಟ್ಟುತ್ತಿದ್ದರು. ನಗು ಬರುವಂಥ ಆ ಮಾತು ಆಗ ಪ್ರಾರ್ಥನೆಯಂತೆ ಕೇಳಿಸಿತು.

ಬಹಳ ಹೊತ್ತಾದ ಮೇಲೆ ಯಾರೋ ಫೋನು ಎತ್ತಿಕೊಂಡರು. ಮೇಸ್ತ್ರಿಯೇ.

"ಒಂದು ಹೆಂಗಸು ಬಯ್ತಿದಾಳಮ್ಮ" ಎಂದ. "ಕಿವಿ ಮುಚ್ಕೋಬೇಕು, ಹಾಗೆ ಬಯ್ತಿದಾಳೆ. ಅವರೇನಾ ನಿಮ್ಮಕ್ಕ?"

"ಅವಳೇ" ಎಂದಳು ಪುಕ್ಕಿ.

"ಹಿಂದೆ ಇನ್ನೊಬ್ಬರಿದಾರೆ. ಅವರು ಮಾತಾಡ್ತಿಲ್ಲ."

ಸಾವಧಾನರು ಜೀಪು ಕೊಟ್ಟರು, ಡ್ರೈವರನ್ನೂ ಕೊಟ್ಟರು. ಕರಾವಳಿಯ ರಸ್ತೆ ಹಿಡಿದು ಉತ್ತರಕ್ಕೆ ಹೊರಟಾಗ ಮೋಡ ತಗ್ಗಿ ರಸ್ತೆಗೇ ಇಳಿದಿತ್ತು. ದೀಪದ ಬೆಳಕು ಎದುರಿನ ಬಿಳುಪಿಗೆ ತಾಗಿ ವಾಪಸ್ಸು ಕಣ್ಣಿಗೇ ಹೊಡೆಯುತ್ತಿತ್ತು. ಡ್ರೈವರು ತಲೆ ಹೊರಗೆ ಹಾಕಿ ರಸ್ತೆಯ ಅಂಚು ನೋಡಿಕೊಂಡು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದ. ಪುಕ್ಕಿಯ ಕಿವಿಯಲ್ಲಿ ಮೇಸ್ತ್ರಿಯ ಮಾತು ಗುಂಯ್‌ಗುಡುತ್ತಲೇ ಇತ್ತು. ಅವರು ಮಾತಾಡ್ತಿಲ್ಲ. ಬಾಯಿ ಮುಚ್ಚಿಕೊಂಡ ಮೀಟರಣ್ಣನನ್ನು ಅವಳಿಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಆತನನ್ನು ಉತ್ತರಕ್ಕೆ ಕಳಿಸಿದವಳೂ ತಾನೇ. ಆತನನ್ನು ಒಂದು ಮಾತು ಕೇಳಲಿಲ್ಲ. ಮೀಟರು ಏನು ಹೇಳುತ್ತದೆ ಎಂದಷ್ಟೇ ಕೇಳಿದ್ದು.

ಉಪ್ಪಿನ ಬಯಲು ಹತ್ತಿರವಾದಂತೆ ಮೋಡ ನೆಲ ಬಿಟ್ಟು ಮೇಲೆದ್ದಿತು. ಲಾರಿಗಳ ದೀಪಗಳು ಸಾಲಾಗಿ ಕಂಡವು. ವಿಮಾನ ಒಂದು ಉಪ್ಪಿನ ಪಾತಿಯಲ್ಲಿ ಮೂಗು ಹೂತು, ಬಾಲ ಮೇಲೆತ್ತಿ ನಿಂತಿತ್ತು. ಚಕ್ರಗಳು ಹಿಂದೆಲ್ಲೋ ಬಿದ್ದಿದ್ದವು. ಅಕ್ಕನನ್ನೂ ಮೀಟರಣ್ಣನನ್ನೂ ಆಗಲೇ ಕಾರ್ಖಾನೆಯ ವ್ಯಾನಿನಲ್ಲಿ ಪಟ್ಟಣದ ಆಸ್ಪತ್ರೆಗೆ ಸಾಗಿಸಿದ್ದರು. ಬಿಳಿ ಕೆಸರಿನಲ್ಲಿ ಕೆಂಪು ಕಲೆಗಳಿದ್ದವು. ಯಾರ ರಕ್ತವೆಂದು ಕೇಳುವ ಧೈರ್ಯ ಅವಳಿಗಿರಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಗೋಡೆಗೊರಗಿ ಕೂತಿದ್ದಳು. ಭುಜದ ಮೂಳೆ ಮುರಿದಿತ್ತು, ತೋಳು ಕಟ್ಟಿ ಎದೆಗೆ ಬಿಗಿದಿದ್ದರು, ಹುಬ್ಬಿನ ಮೇಲೆ ಹೊಲಿಗೆ. ಕೂದಲಲ್ಲಿ ಉಪ್ಪು ಒಣಗಿ ಒಮ್ಮೆಲೇ ಮುದುಕಿಯಂತೆ ಕಾಣುತ್ತಿದ್ದಳು. ಪುಕ್ಕಿ ಬಂದು ಪಕ್ಕದಲ್ಲಿ ಕೂತಳು.

"ಒಳಗೆ ಆಪರೇಷನ್ ಮಾಡ್ತಿದ್ದಾರೆ" ಎಂದಳು ಅಕ್ಕ. "ಸೀಟು ಕಿತ್ತು ಕಾಲಿನ ಮೇಲೆ ಬಿದ್ದಿತ್ತು. ತಲೆಗೂ ಏಟಾಗಿದೆ. ಉಸಿರಾಡ್ತಿದ್ದ. ವ್ಯಾನಲ್ಲಿ ನಾನು ಏನೇನೋ ಮಾತಾಡಿಸಿದೆ. ಒಂದಕ್ಕೂ ಉತ್ತರ ಕೊಡಲಿಲ್ಲ."

ಪುಕ್ಕಿ ನೆಲ ನೋಡುತ್ತಿದ್ದಳು.

"ತೂತು ಇತ್ತು ಕಣೇ" ಎಂದಳು ಅಕ್ಕ. "ಸಣ್ಣದು. ಎರಡು ಸಲ ಅದರ ಮೇಲೇ ಹೋಗಿದ್ದೆ, ಗೊತ್ತಾಗಲಿಲ್ಲ. ನೆಲಾನೂ ಬಿಳಿ, ಮೋಡಾನೂ ಬಿಳಿ. ಮೂರನೇ ಸಲ ದೀಪ ಕಾಣಿಸ್ತು. ಅಷ್ಟರಲ್ಲಿ ಎಂಜಿನ್ ನಿಂತುಹೋಯ್ತು." ಅವಳು ತಂಗಿಯ ಕಡೆ ತಿರುಗಿದಳು. "ನಿಜ ಹೇಳು. ಖಾತ್ರಿ ಇತ್ತಾ ನಿನಗೆ?"

"ಇರಲಿಲ್ಲ."

"ಒಂಚೂರೂ?"

"ಅರ್ಧ. ಮುಕ್ಕಾಲು ಅಂದ್ರೆ ಸುಳ್ಳಾಗುತ್ತೆ."

ಅಕ್ಕ ತಲೆಯಾಡಿಸಿದಳು. ಬಯ್ಯುತ್ತಾಳೆ ಎಂದು ಪುಕ್ಕಿ ಕಾದಳು. ಆಮೇಲೆ ಅಕ್ಕ ಇದ್ದ ಒಂದು ಕೈಯಲ್ಲಿ ಅವಳ ಮುಂಗೈ ಹಿಡಿದುಕೊಂಡಳು.

"ಪರದೆ ಅಡಿಗೆ ಹೋದಾಗ ನನಗೆ ವಾಪಸ್ ತಿರುಗೋಣ ಅನ್ನಿಸಿತ್ತು" ಎಂದಳು. "ಪೂರ್ವದ ಕಡೆ ಎಷ್ಟು ಚೆನ್ನಾಗಿ ಬಿಸಿಲಿತ್ತು ಗೊತ್ತಾ? ಹೊಂಬಣ್ಣ. ಅದು ಬಾ ಬಾ ಅಂತಿತ್ತು. ಸ್ಟಿಯರಿಂಗು ಅರ್ಧ ತಿರುಗಿಸಿದ್ದೆ. ಮೀಟರಣ್ಣ ಹಿಂದಿನಿಂದ ಭುಜ ತಟ್ಟಿದ. ಮೇಡಮ್ಮ ಹೇಳಿದ್ದು ಉತ್ತರ, ಅಂದ. ಅಷ್ಟೇ ಅಂದಿದ್ದು."

ಪುಕ್ಕಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಆಪರೇಷನ್ ಕೋಣೆಯ ಬಾಗಿಲ ತನಕ ಹೋದಳು, ವಾಪಸ್ಸು ಬಂದಳು, ಮತ್ತೆ ಹೋದಳು. ಮೀಟರಣ್ಣನ ಹೆಂಡತಿ ಬಂದರು, ಮನೆಯ ಚಪ್ಪಲಿಯಲ್ಲೇ. ಅವರಿಗೆ ಏನು ಹೇಳಬೇಕೆಂದು ತಿಳಿಯದೆ ನೀರು ತಂದು ಕೊಟ್ಟಳು. ಅವರು ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತರು, ಕುಡಿಯಲಿಲ್ಲ.

ಡಾಕ್ಟರು ಹೊರಗೆ ಬಂದದ್ದು ನೋಡಿ ಮೂವರೂ ಎದ್ದು ನಿಂತರು. "ಜೀವಕ್ಕೆ ಭಯವಿಲ್ಲ" ಎಂದರು ಡಾಕ್ಟರು. "ಕಾಲು ಮೊದಲಿನ ಹಾಗೆ ಆಗೋದಿಲ್ಲ. ಕೋಲು ಹಿಡಿದು ನಡೀಬೇಕಾಗುತ್ತೆ. ಎಚ್ಚರ ಆಗ್ತಿದ್ದ ಹಾಗೇ ಏನೋ ಗೊಣಗೋಕೆ ಶುರು ಮಾಡಿದ್ದಾರೆ. ನಿಲ್ಲಿಸಿ ಅಂದ್ರೂ ನಿಲ್ಲಿಸ್ತಿಲ್ಲ."

ಹೆಂಡತಿ ಲೋಟದ ನೀರನ್ನು ಒಂದೇ ಗುಟುಕಿ‌ಗೆ ಕುಡಿದು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಕ್ಕ ಗೋಡೆಗೆ ಹಣೆ ಹಚ್ಚಿ ನಿಂತಳು. ಪುಕ್ಕಿ ಕುರ್ಚಿ ಎಲ್ಲಿದೆಯೆಂದು ನೋಡುವಷ್ಟರಲ್ಲಿ ನೆಲದ ಮೇಲೆಯೇ ಕುಸಿದು ಕೂತಳು. ಮಧ್ಯಾಹ್ನದಿಂದ ಎಲ್ಲೋ ಅವಿತು ಕೂತಿದ್ದ ನಡುಕ ಈಗ ಬಂದು ಹಿಡಿದುಕೊಂಡಿತು. ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿದ್ದವು.

ಆ ಕಡೆಯಿಂದ ಟ್ರೇ ಹಿಡಿದು ಬಂದ ನರ್ಸು ನಿಂತು, ಕಟ್ಟು ಹಾಕಿಕೊಂಡು ನೆಟ್ಟಗೆ ನಿಂತಿದ್ದ ಅಕ್ಕನನ್ನು ನೋಡಿದಳು, ನೆಲದ ಮೇಲಿದ್ದ ಪುಕ್ಕಿಯನ್ನು ನೋಡಿದಳು.

"ಪೇಷಂಟ್ ಯಾರು? ಅವರಾ, ನೀವಾ?" ಎಂದು ಕೇಳಿದಳು.

ಅಕ್ಕ ಇದ್ದ ಒಂದೇ ಕೈಯನ್ನು ಊರಿಕೊಂಡು, ನರಳುತ್ತ, ಮೆಲ್ಲಗೆ ಬಂದು ಪುಕ್ಕಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು.